ಪಗಾರ ನೋಡಿ ದಂಡ ಹಾಕಿ

ಸೊಲ್ಲಾಪುರ ಬಳಿಯ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಟೈಮ್ ಆಫೀಸ್ ಗುಮಾಸ್ತ. ಹಾಜರಿ ಹಾಕುವುದು, ಓವರ್‌ಟೈಮ್ ಲೆಕ್ಕ ತೆಗೆಯುವುದು, ಉಚಲ್ ಕೇಳಿ ಬಂದವರ ಅರ್ಜಿಯನ್ನು ಒಳಗೆ ಕಳಿಸುವುದು ನನ್ನ ಕೆಲಸ. ಉಚಲ್ ಎಂದರೆ ಮುಂಗಡ ಪಗಾರ. ಅರ್ಜಿಯಲ್ಲಿ ಕಾರಣ ಬರೆಯಲು ಒಂದು ಗೆರೆ ಬಿಟ್ಟಿರುತ್ತಾರೆ. ತಂಗಿಯ ಮದುವೆ, ತಾಯಿಯ ಆಪರೇಷನ್, ಮಗಳ ಶಾಲೆ ಫೀ, ಇವೆಲ್ಲ ಮಾಮೂಲು. ಈಚೆಗೆ ಆ ಗೆರೆಯ ಮೇಲೆ ‘ಕೋರ್ಟ್ ದಂಡ’ ಎಂದು ಬರೆಯುವವರೂ ಇದ್ದಾರೆ. ನಾಚಿಕೆಯವರು ‘ಘರಗುತಿ’ (ಮನೆಯ ಕಾರಣ) ಎಂದು ಬರೆದು ಕಿಟಕಿಯೊಳಗೆ ತಲೆ ಹಾಕಿ ಮೆಲ್ಲಗೆ ನಿಜ ಹೇಳುತ್ತಾರೆ.

ಬರುವವರಲ್ಲಿ ಹೆಚ್ಚಿನವರು ನನ್ನ ಕಡೆಯವರೇ. ನಾಗಣಸೂರ, ತೋಳನೂರ, ದುಧನಿ, ಮೈಂದರ್ಗಿ, ವಾಗದರಿ, ಹೀಗೆ ಅಕ್ಕಲಕೋಟ ತಾಲ್ಲೂಕಿನ ಊರುಗಳು. ಮನೆಮಾತು ಕನ್ನಡ, ಕಾಗದಪತ್ರದ ಮಾತು ಮರಾಠಿ. (ಕರ್ನಾಟಕ–ಮಹಾರಾಷ್ಟ್ರ ಗಡಿ ಕುರಿತ 1967ರ ಮಹಾಜನ ವರದಿ ನಮ್ಮ ತಾಲ್ಲೂಕಿನ ಬಗ್ಗೆ ಏನು ಹೇಳಿತ್ತು ಎಂಬ ಜಗಳವನ್ನು ನಾನಿಲ್ಲಿ ಎತ್ತುವುದಿಲ್ಲ. ಅದಕ್ಕೆ ಜನ ಬೇಕಾದಷ್ಟಿದ್ದಾರೆ.) ಅಕ್ಕಲಕೋಟದಿಂದ ಸೊಲ್ಲಾಪುರ ಸುಮಾರು 40 ಕಿಲೋಮೀಟರ್, ಅಲ್ಲಿಂದ ಪುಣೆ ಹೆದ್ದಾರಿ ಹಿಡಿದು ಮತ್ತೆ ಚಿಂಚೋಳಿ. ಎಸ್‌ಟಿ ಬಸ್ಸಿನ ಹೊತ್ತು ಒಂದು, ಶಿಫ್ಟಿನ ಹೊತ್ತು ಇನ್ನೊಂದು. ಹಾಗಾಗಿ ಕೆಲಸ ಸಿಕ್ಕ ವರ್ಷದಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಬೈಕು ಬರುತ್ತದೆ. ಬೈಕಿನ ಹಿಂದೆ ಕೇಸೂ ಬರುತ್ತದೆ.

ಪ್ಯಾಕಿಂಗ್ ಲೈನಿನ ಒಬ್ಬ ಹೆಲ್ಪರ್ ಹುಡುಗನ ಸಂಗತಿ ಹೇಳುತ್ತೇನೆ. ಪಗಾರದ ದಿನ ಎರಡನೇ ಶಿಫ್ಟ್ ಮುಗಿಸಿ ಧಾಬಾದಲ್ಲಿ ಕೂತ, ಆಮೇಲೆ ಗಾಡಿ ಹತ್ತಿದ. ನಾಕಾಬಂದಿಯಲ್ಲಿ ಮಷೀನು ಊದಿಸಿದರು, ಸಿಕ್ಕಿಬಿದ್ದ. ತಪ್ಪು ಅವನದೇ, ಅದರಲ್ಲಿ ಎರಡು ಮಾತಿಲ್ಲ. ಆ ಹೆದ್ದಾರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವವರು ನಮ್ಮವರೇ, ಕುಡಿದು ಓಡಿಸುವವನ ಗಾಡಿಗೆ ಸಿಕ್ಕಿ ಸಾಯುವವರೂ ನಮ್ಮವರೇ. ಕೋರ್ಟಿನ ತಾರೀಖಿನ ದಿನ ಅವನ ಅಣ್ಣ, ಒಬ್ಬ ಗೆಳೆಯ ಮತ್ತು ನಾನು ಜೊತೆಗೆ ಹೋದೆವು. ‘ಎರಡು ಸಾವಿರ ಆಗತದ, ಗುನ್ಹಾ ಕಬೂಲ್ ಅಂದುಬಿಡು’ ಎಂದು ಯಾರೋ ಅವನಿಗೆ ಹೇಳಿಕೊಟ್ಟಿದ್ದರು. ಹೇಳಿಕೊಟ್ಟದ್ದು ಹಳೇ ದರ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ, ಕುಡಿದು ಓಡಿಸಿದ ಮೊದಲ ತಪ್ಪಿಗೆ ಎರಡು ಸಾವಿರದವರೆಗೆ ಇದ್ದ ದಂಡ ಹತ್ತು ಸಾವಿರಕ್ಕೆ ಏರಿತು. ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರ ದಂಡ ಅಥವಾ ಎರಡೂ. ಇವನಿಗೆ ಹತ್ತು ಸಾವಿರ ದಂಡ ಬಿತ್ತು. ಜೇಬಿನಲ್ಲಿ ನಾಲ್ಕು ಸಾವಿರವಿತ್ತು.

ಕಾರಿಡಾರಿನ ಬೆಂಚಿನ ಮೇಲೆ ಲೆಕ್ಕ ಶುರುವಾಯಿತು. ಅಣ್ಣ ಶರ್ಟಿನ ಒಳಜೇಬಿನಿಂದ ಐನೂರರ ಎರಡು ನೋಟು ತೆಗೆದ. ಗೆಳೆಯ ಫೋನಿನಲ್ಲಿ ಬ್ಯಾಲೆನ್ಸ್ ನೋಡಿ, ಮತ್ತೆ ನೋಡಿ, ಎಂಟುನೂರು ಕಳಿಸಿದ. ನಾನೂ ಒಂದಿಷ್ಟು ಹಾಕಿದೆ. ಉಳಿದದ್ದಕ್ಕೆ ಊರಿನ ಸಾವಕಾರನಿಗೆ ಫೋನ್ ಹೋಯಿತು, ನೂರಕ್ಕೆ ತಿಂಗಳಿಗೆ ಹತ್ತರಂತೆ ಬಡ್ಡಿ. ದುಡ್ಡು ಬರುವ ತನಕ ಹುಡುಗ ಗೋಡೆಗೆ ಒರಗಿ ನಿಂತಿದ್ದ. ಒಬ್ಬ ಪೊಲೀಸರು ಅವನ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದರು, ಗದರಲಿಲ್ಲ, ಏನೂ ಅನ್ನಲಿಲ್ಲ. ರಸೀದಿ ಕೈಗೆ ಬರುವಾಗ ಸಂಜೆಯಾಗಿತ್ತು. ಹೊರಗೆ ಬಂದು ಗಾಡಿ ಹತ್ತುವಾಗ ಅವನು ಕೇಳಿದ ಮಾತು ಇದು: ‘ಅಣ್ಣಾ, ಇವತ್ತ ತುಂಬಲಿಲ್ಲ ಅಂದಿದ್ರ ಏನಾಗತಿತ್ತು?’

ಅವನಿಗೆ ಅಂಕಿ ಕೇಳಿಸಿತ್ತು. ಅಂಕಿಯ ಹಿಂದಿನ ವಾಕ್ಯ ತಲೆಗೆ ಹೋಗಿರಲಿಲ್ಲ. ದಂಡ ತುಂಬದಿದ್ದರೆ ಇಷ್ಟು ದಿನ ಸಾದಾ ಸಜೆ ಎಂಬ ಆ ವಾಕ್ಯವೇ ನಿಜವಾದ ಶಿಕ್ಷೆ, ಅದೂ ಬಡವನಿಗೆ ಮಾತ್ರ.

ಕಾನೂನು ಏನು ಹೇಳುತ್ತದೆ ಎಂಬುದನ್ನು ನಾನು ಆಮೇಲೆ ಪರಿಚಯದ ವಕೀಲರ ಹತ್ತಿರ ಕೂತು ತಿಳಿದುಕೊಂಡೆ. ಜೈಲು ಮತ್ತು ದಂಡ ಎರಡಕ್ಕೂ ಅವಕಾಶವಿರುವ ಅಪರಾಧದಲ್ಲಿ ದಂಡ ಕಟ್ಟದವನನ್ನು ಆ ಅಪರಾಧದ ಗರಿಷ್ಠ ಜೈಲಿನ ಕಾಲುಭಾಗದವರೆಗೆ ಒಳಗಿಡಬಹುದು. ನಮ್ಮ ಹುಡುಗನ ಕೇಸಿನಲ್ಲಿ ಆರು ತಿಂಗಳ ಕಾಲುಭಾಗ, ಅಂದರೆ ಒಂದೂವರೆ ತಿಂಗಳು. ಬರೀ ದಂಡದ ಅಪರಾಧಗಳಿಗೆ ಬೇರೆ ಪಟ್ಟಿ ಇದೆ. 1860ರ ದಂಡ ಸಂಹಿತೆಯಲ್ಲಿ 50 ರೂಪಾಯಿ ತನಕದ ದಂಡಕ್ಕೆ ಎರಡು ತಿಂಗಳು, 100 ರೂಪಾಯಿ ತನಕ ನಾಲ್ಕು ತಿಂಗಳು, ಅದರ ಮೇಲೆ ಆರು ತಿಂಗಳು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಆ ಅಂಕಿಗಳನ್ನು 5,000 ಮತ್ತು 10,000 ಮಾಡಿತು. ಕೊನೆಯ ಮೆಟ್ಟಿಲನ್ನು ಮಾತ್ರ ಆರು ತಿಂಗಳಿಂದ ಒಂದು ವರ್ಷಕ್ಕೆ ಏರಿಸಿತು. ಅದೇ ದಿನ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ದಂಡ ಹಾಕುವ ಅಧಿಕಾರ 10,000ದಿಂದ 50,000 ರೂಪಾಯಿಗೆ ಹೋಯಿತು. ಹಣದುಬ್ಬರ ನೋಡಿದರೆ ದಂಡ ಏರಿದ್ದಕ್ಕೆ ನನ್ನ ತಕರಾರಿಲ್ಲ. ಕಟ್ಟಲಾಗದವನ ಪಾಡು ಮಾತ್ರ ಬ್ರಿಟಿಷರ ಕಾಲದಂತೆ ಇಂದೂ ಜೈಲೇ.

ಆದರೆ ಅದೇ ಕಾನೂನಿನಲ್ಲಿ ಬಾಗಿಲುಗಳೂ ಇವೆ. ಬರೀ ದಂಡದ ಶಿಕ್ಷೆಯಾಗಿ ಅಲ್ಲೇ ಕಟ್ಟಲಾಗದಿದ್ದರೆ ನ್ಯಾಯಾಲಯ 30 ದಿನ ಸಮಯ ಕೊಡಬಹುದು, ಅಥವಾ ಎರಡು–ಮೂರು ಕಂತು ಮಾಡಿಕೊಡಬಹುದು. ಅದಕ್ಕೆ ಒಂದು ಮುಚ್ಚಳಿಕೆ ಸಾಕು, ಜಾಮೀನುದಾರ ಬೇಕೇಬೇಕು ಎಂದೇನಿಲ್ಲ. ಮೊದಲು ಇದು ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 424ನೇ ಕಲಮು, ಈಗ ನಾಗರಿಕ ಸುರಕ್ಷಾ ಸಂಹಿತೆಯ 464. ಇನ್ನೊಂದು ಬಾಗಿಲು ಇನ್ನೂ ಒಳ್ಳೆಯದು: ಒಳಗೆ ಹೋದ ಮೇಲೂ ಸ್ವಲ್ಪ ಸ್ವಲ್ಪ ಕಟ್ಟಿದರೆ ಆ ಪ್ರಮಾಣದಲ್ಲಿ ದಿನ ಕಡಿಮೆಯಾಗುತ್ತದೆ. ಹತ್ತು ಸಾವಿರಕ್ಕೆ ನಲವತ್ತು ದಿನ ಎಂದಿದ್ದರೆ, ಏಳೂವರೆ ಸಾವಿರ ತುಂಬಿದವನು ಹತ್ತು ದಿನಕ್ಕೆ ಹೊರಗೆ ಬರಬೇಕು. ಆ ದಿನ ಕಾರಿಡಾರಿನಲ್ಲಿದ್ದ ನಾವು ನಾಲ್ವರಲ್ಲಿ ಒಬ್ಬನಿಗೂ ಇದು ಗೊತ್ತಿರಲಿಲ್ಲ. ನೂರಕ್ಕೆ ಹತ್ತರ ಬಡ್ಡಿ ಸಾಲ ತೆಗೆದದ್ದು ಕಾನೂನಿನ ಕಟ್ಟುಪಾಡಿಗಲ್ಲ, ಕಂತು ಕೇಳಬಹುದು ಎಂಬುದು ಗೊತ್ತಿಲ್ಲದ್ದಕ್ಕೆ.

ಜೇಬು ನೋಡಿ ದಂಡ ಹಾಕಬೇಕು ಎಂಬುದು ನನ್ನ ಸ್ವಂತ ಕಲ್ಪನೆಯೂ ಅಲ್ಲ. ಆದಮ್‌ಜಿ ಉಮರ್ ದಲಾಲ್ ಎಂಬವರ ಮೊಕದ್ದಮೆಯಲ್ಲಿ, ಐವತ್ತರ ದಶಕದ ಆರಂಭದಲ್ಲೇ ಸುಪ್ರೀಂ ಕೋರ್ಟು ಇದನ್ನು ಹೇಳಿದೆ: ದಂಡ ವಿಧಿಸುವಾಗ ಅಪರಾಧದ ಗಾತ್ರವನ್ನು ಎಷ್ಟು ಲಕ್ಷ್ಯಕ್ಕೆ ತೆಗೆದುಕೊಳ್ಳುತ್ತೀರೋ ಆರೋಪಿಯ ಹಣಕಾಸಿನ ಸ್ಥಿತಿಯನ್ನೂ ಅಷ್ಟೇ ಲಕ್ಷ್ಯಕ್ಕೆ ತೆಗೆದುಕೊಳ್ಳಬೇಕು. ಆ ಕೇಸು ಬಂದದ್ದು ನಮ್ಮ ಸೊಲ್ಲಾಪುರವೂ ಸೇರಿದ್ದ ಅಂದಿನ ಬಾಂಬೆ ರಾಜ್ಯದಿಂದ. ಎಪ್ಪತ್ತು ವರ್ಷ ದಾಟಿತು. ‘ನಿನಗೆ ಪಗಾರ ಎಷ್ಟು?’ ಎಂಬ ಪ್ರಶ್ನೆ ನಮ್ಮ ಹುಡುಗನಿಗೆ ಯಾರಿಂದಲೂ ಬರಲಿಲ್ಲ. ಕೇಳಿದ್ದರೆ ಉತ್ತರ ನನ್ನ ರಜಿಸ್ಟರಿನಲ್ಲೇ ಇತ್ತು.

ಒಂದೇ ದಂಡ ಇಬ್ಬರಿಗೆ ಎರಡು ಶಿಕ್ಷೆ ಆಗುವುದನ್ನು ನೋಡಲು ಬೆಂಗಳೂರಿನ ಪರಪ್ಪನ ಅಗ್ರಹಾರಕ್ಕೆ ಹೋಗಬೇಕು. ಜಯಲಲಿತಾ ಆಸ್ತಿ ಪ್ರಕರಣದಲ್ಲಿ 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟು ಶಶಿಕಲಾ, ಇಳವರಸಿ, ಸುಧಾಕರನ್ ಮೂವರಿಗೂ ನಾಲ್ಕು ವರ್ಷ ಜೈಲು, ತಲಾ ಹತ್ತು ಕೋಟಿ ದಂಡವನ್ನು ಎತ್ತಿಹಿಡಿಯಿತು. ಕಟ್ಟದಿದ್ದರೆ ಇನ್ನೊಂದು ವರ್ಷ. ಶಶಿಕಲಾ 2020ರ ನವೆಂಬರಿನಲ್ಲಿ ಹತ್ತು ಕೋಟಿ ಕಟ್ಟಿದರು, 2021ರ ಜನವರಿ 27ರಂದು ಬಿಡುಗಡೆಯಾದರು. ಇಳವರಸಿಯೂ ಕಟ್ಟಿ ಫೆಬ್ರುವರಿಯಲ್ಲಿ ಹೊರಬಂದರು. ದಂಡ ಕಟ್ಟದ ಸುಧಾಕರನ್ ಹೊರಬಂದದ್ದು ಅಕ್ಟೋಬರಿನಲ್ಲಿ. ಒಂದೇ ತೀರ್ಪು, ಒಂದೇ ಜೈಲು. ಶಶಿಕಲಾ ಅವರ ಬಿಡುಗಡೆಯ ಮೆರವಣಿಗೆ ಟೀವಿಯಲ್ಲಿ ನೋಡಿದವರಿಗೆ ಸುಧಾಕರನ್ ಹೆಸರು ನೆನಪಿರಲಿಕ್ಕಿಲ್ಲ. ಅದೇ ಪ್ರಕರಣದಲ್ಲಿ ಇನ್ನೊಂದು ವಿಶೇಷವಿತ್ತು. 2014ರಲ್ಲಿ ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿಕುನ್ಹಾ ತೀರ್ಪು ಕೊಡುವಾಗ, ವಿಚಾರಣೆಯ ಖರ್ಚಿನ ಬಾಬ್ತು ದಂಡದ ಹಣದಿಂದ ಐದು ಕೋಟಿ ಕರ್ನಾಟಕ ಸರ್ಕಾರಕ್ಕೆ ಕೊಡಬೇಕು ಎಂದು ಆದೇಶಿಸಿದರು. ದಂಡದಿಂದ ಪ್ರಾಸಿಕ್ಯೂಷನ್ ಖರ್ಚು ತೆಗೆಯಲು ನಮ್ಮ ಕಾನೂನಿನಲ್ಲಿ ಹಿಂದಿನಿಂದಲೂ ಅವಕಾಶವಿದೆ. ಸಾಮಾನ್ಯರ ಕೇಸುಗಳಲ್ಲಿ ಅದನ್ನು ಬಳಸುವುದು ಅಪರೂಪ. ಅಷ್ಟರ ಮಟ್ಟಿಗೆ ನಾವು ಪುಣ್ಯವಂತರು: ಅಮೆರಿಕದಲ್ಲಿ ಶಿಕ್ಷೆಯಾದವನಿಗೆ ಕೋರ್ಟಿನ ಫೀ, ಮೇಲ್ವಿಚಾರಣೆಯ ಫೀ ಎಂದು ಬೇರೆ ಬಿಲ್ಲೇ ಬರುತ್ತದೆ. ಮಿಸೌರಿ ರಾಜ್ಯದ ಫರ್ಗುಸನ್ ಎಂಬ ಪಟ್ಟಣ ತನ್ನ ಬಜೆಟ್ಟು ತುಂಬಿಸಲು ದಂಡದ ಮೇಲೆ ದಂಡ ಹಾಕುತ್ತಿತ್ತು ಎಂದು ಅಲ್ಲಿನ ನ್ಯಾಯ ಇಲಾಖೆಯೇ 2015ರಲ್ಲಿ ವರದಿ ಕೊಟ್ಟಿತು.

ನಮ್ಮಲ್ಲಿ ಆ ಬಿಲ್ಲು ಕಾಗದದ ಮೇಲೆ ಬರುವುದಿಲ್ಲ, ಹಾಗಂತ ಇಲ್ಲ ಎಂದಲ್ಲ. ಆ ಹುಡುಗನ ಹಾಜರಿ ಪುಟ ನನ್ನ ಮುಂದೆ ಇದೆ. ತಾರೀಖು ಬಿದ್ದ ದಿನಗಳಲ್ಲೆಲ್ಲ ಖಾಡಾ, ಅಂದರೆ ಗೈರುಹಾಜರಿ. ಖಾಡಾ ಬಿದ್ದರೆ ಆ ದಿನದ ಪಗಾರ ಹೋಯಿತು, ಹಾಜರಿ ಬೋನಸ್ಸೂ ಹೋಯಿತು. ವಕೀಲರ ಫೀ, ವಕಾಲತ್ತಿನ ಸ್ಟಾಂಪು, ಗಾಡಿ ಬಿಡಿಸಿಕೊಳ್ಳುವ ಓಡಾಟ, ಜೆರಾಕ್ಸ್, ಜೊತೆಗೆ ಬಂದವರ ಊಟ. ದಂಡದ ರಸೀದಿಯಲ್ಲಿ ಹತ್ತು ಸಾವಿರವಿದೆ. ನನ್ನ ರಜಿಸ್ಟರಿನ ಲೆಕ್ಕ ಅದರ ಹತ್ತಿರ ಹತ್ತಿರ ಎರಡು ಪಟ್ಟು ಹೇಳುತ್ತದೆ.

ಗಡಿಯವರಿಗೆ ಇನ್ನೊಂದು ತಾಪತ್ರಯ ಜಾಮೀನಿನದು. ಇದು ಶಿಕ್ಷೆಗೆ ಮೊದಲಿನ ಮಾತು, ಆದರೂ ಬಿಡಲಾರೆ. ನಮ್ಮವರ ಬೀಗರು, ಸೋದರಮಾವಂದಿರು ಆಳಂದ, ಅಫಜಲಪುರ, ಇಂಡಿ ಕಡೆ ಇರುತ್ತಾರೆ. ಅವರ ಹೊಲಕ್ಕೆ ಕರ್ನಾಟಕದ ಪಹಣಿ ಇದೆ. ಇಲ್ಲಿ ಕೋರ್ಟಿನಲ್ಲಿ ಕೇಳುವುದು ಮಹಾರಾಷ್ಟ್ರದ ಪಹಣಿಯಾದ ಸಾತ್‌ಬಾರಾ ಉತಾರ. ಹೊಲ ಹೊಲವೇ, ಬಾಂದಿನ ಆಚೆಗೆ ಇದೆ ಅಷ್ಟೇ. 1978ರಲ್ಲಿ ಮಧ್ಯಪ್ರದೇಶದ ಮೋತಿ ರಾಮ್ ಎಂಬ ಗೌಂಡಿಯ ಕೇಸಿನಲ್ಲಿ ಇದೇ ಆಯಿತು: ಹತ್ತು ಸಾವಿರದ ಜಾಮೀನು ಕೇಳಿದರು, ಜಾಮೀನು ನಿಂತ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿಹಾಕಿದರು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಗೆ ಇಳಿಸಿ, ಬೇರೆ ಸೀಮೆಯ, ಬೇರೆ ಭಾಷೆಯ ಮನುಷ್ಯ ಸಿಕ್ಕಿಬಿದ್ದಾಗ ಸ್ಥಳೀಯ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಕೆಳಕೋರ್ಟುಗಳನ್ನು ಕೇಳಿದರು. ಸ್ಥಳೀಯ ಜಾಮೀನಿಗೆ ಪಟ್ಟು ಹಿಡಿಯಬೇಡಿ ಎಂಬ ಸೂಚನೆಯನ್ನು ಅದೇ ನ್ಯಾಯಾಲಯ 2023ರ ಜನವರಿಯಲ್ಲಿ ಮತ್ತೆ ಕೊಡಬೇಕಾಯಿತು.

ಸರ್ಕಾರ ಏನೂ ಮಾಡಿಲ್ಲ ಎನ್ನಲಾರೆ. 2022ರಲ್ಲಿ ಸ್ವಾತಂತ್ರ್ಯದ ಅಮೃತ ಮಹೋತ್ಸವದ ನೆಪದಲ್ಲಿ, ಶಿಕ್ಷೆ ಮುಗಿದರೂ ದಂಡ ಕಟ್ಟಲಾಗದೆ ಒಳಗಿದ್ದ ಬಡ ಕೈದಿಗಳ ದಂಡ ಮನ್ನಾ ಮಾಡಿ ಬಿಡಬೇಕೆಂದು ಕೇಂದ್ರ ಗೃಹ ಇಲಾಖೆ ರಾಜ್ಯಗಳಿಗೆ ಬರೆಯಿತು. 2023ರಲ್ಲಿ ಬಡ ಕೈದಿಗಳ ನೆರವಿನ ಯೋಜನೆ ಬಂತು, ವರ್ಷಕ್ಕೆ 20 ಕೋಟಿ. ಆಗಿನ ಮಾರ್ಗಸೂಚಿಯಂತೆ ಜಾಮೀನಿಗೆ 40,000, ಶಿಕ್ಷೆಯಾದವರ ದಂಡಕ್ಕೆ 25,000 ರೂಪಾಯಿ ತನಕ ಸರ್ಕಾರವೇ ಕಟ್ಟುವುದಾಗಿತ್ತು. ಜಿಲ್ಲೆಯಲ್ಲಿ ಕಲೆಕ್ಟರು, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಎಸ್‌ಪಿ, ಜೈಲು ಸೂಪರಿಂಟೆಂಡೆಂಟ್ ಕೂತು ತೀರ್ಮಾನಿಸುತ್ತಾರೆ. ಒಳ್ಳೆಯ ಯೋಜನೆ. ಆದರೆ ಇದು ಸಿಗಬೇಕಾದರೆ ಮೊದಲು ಜೈಲಿಗೆ ಹೋಗಬೇಕು! ಅಷ್ಟರಲ್ಲಿ ಕೆಲಸ ಹೋಗಿರುತ್ತದೆ. ಕಾಂಟ್ರಾಕ್ಟ್ ಹೆಲ್ಪರ್ ಹತ್ತು ದಿನ ಬರಲಿಲ್ಲ ಎಂದರೆ ಹನ್ನೊಂದನೇ ದಿನ ಅವನ ಜಾಗದಲ್ಲಿ ಬೇರೆಯವನ ಕಾರ್ಡು ಪಂಚ್ ಆಗುತ್ತದೆ. ಆ ಕಾರ್ಡು ಮಾಡಿಕೊಡುವವನು ನಾನೇ.

ಫಿನ್ಲೆಂಡಿನಲ್ಲಿ ದಂಡವನ್ನು ದಿನದ ಆದಾಯದ ಲೆಕ್ಕದಲ್ಲಿ ಹಾಕುತ್ತಾರೆ. 2002ರಲ್ಲಿ ನೋಕಿಯಾ ಕಂಪನಿಯ ಹಿರಿಯ ಅಧಿಕಾರಿ ಆನ್ಸಿ ವಾನ್‌ಯೋಕಿ 50ರ ಮಿತಿ ಇದ್ದಲ್ಲಿ 75ರ ವೇಗದಲ್ಲಿ ಬೈಕು ಓಡಿಸಿದ್ದಕ್ಕೆ 1,16,000 ಯೂರೋ ದಂಡ ಬಿತ್ತು. ಆದಾಯ ಇಳಿದಿದೆ ಎಂದು ಮೇಲ್ಮನವಿಯಲ್ಲಿ ತೋರಿಸಿ ಆತ ಅದನ್ನು ಬಹಳ ಇಳಿಸಿಕೊಂಡ. ನನಗೆ ಇಷ್ಟವಾದದ್ದು ಆ ಎರಡನೇ ಭಾಗ. ಪಗಾರ ಇಳಿದರೆ ದಂಡವೂ ಇಳಿಯುತ್ತದೆ ಎಂಬ ನಿಯಮ ಕೋಟ್ಯಧಿಪತಿಗೂ ಸಿಕ್ಕಿತು. ನಮ್ಮ ಹೆದ್ದಾರಿಯಲ್ಲಿ ದೊಡ್ಡ ಕಾರಿನಲ್ಲಿ ಕುಡಿದು ಹೋಗುವವನಿಗೆ ಹತ್ತು ಸಾವಿರ ಎಂದರೆ ಒಂದು ರಾತ್ರಿಯ ಹೋಟೆಲ್ ಬಿಲ್ಲು. ದಿನಕ್ಕೆ ಐನೂರು ದುಡಿಯುವವನಿಗೆ ಇಪ್ಪತ್ತು ದಿನದ ಬೆವರು. ಇಪ್ಪತ್ತು ದಿನದ ಆದಾಯ ಎಂದೇ ದಂಡ ಹಾಕಿದರೆ ಹೆಲ್ಪರಿಗೆ ಇಂದಿನಷ್ಟೇ ಬೀಳುತ್ತದೆ, ಕಾರಿನವನಿಗೆ ಚುರುಕು ಮುಟ್ಟುತ್ತದೆ. ಬಡವರಿಗೆ ರಿಯಾಯಿತಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಗಾಯಗೊಂಡವರಿಗೆ ಕೊಡುವ ಪರಿಹಾರ, ಚೆಕ್ ಬೌನ್ಸ್ ಕೇಸಿನಲ್ಲಿ ಫಿರ್ಯಾದಿಗೆ ಹೋಗುವ ಹಣ, ಅವು ಬೇರೆಯೇ. ಅದು ಎದುರಿನವನ ದುಡ್ಡು, ಅದರಲ್ಲಿ ಬಿಡುವು ಕೇಳುವ ಹಕ್ಕು ನಮಗಿಲ್ಲ.

ದಿನದ ಆದಾಯದ ದಂಡಕ್ಕೆ ಪಾರ್ಲಿಮೆಂಟು ಕಾನೂನು ಮಾಡಬೇಕು, ಅದು ದೂರದ ಮಾತು. ಇವತ್ತಿನ ಕಾನೂನಿನಲ್ಲೇ ಆಗುವುದು ಇಷ್ಟಿದೆ: ದಂಡ ಓದುವ ಮೊದಲು ಪಗಾರ ಎಷ್ಟೆಂದು ಕೇಳುವುದು, ದಂಡ ಓದಿದ ಮೇಲೆ ಕಂತು ಬೇಕೇ ಎಂದು ಕೇಳುವುದು, ಎರಡನ್ನೂ ಎದುರಿಗೆ ನಿಂತವನಿಗೆ ತಿಳಿಯುವ ಮಾತಿನಲ್ಲಿ ಕೇಳುವುದು. ಸಾಕ್ಷ್ಯವನ್ನು ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು, ಆತ ಬಯಸಿದರೆ ಸಾಧ್ಯವಿದ್ದಷ್ಟು ಮಟ್ಟಿಗೆ ಅವನ ಭಾಷೆಯಲ್ಲೇ ತೀರ್ಪಿನ ಅನುವಾದ ಕೊಡಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಬರೆದಿದೆ. ಜೈಲು ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿ ಬಿಟ್ಟಿ ಸಿಗಬೇಕು ಎಂದೂ ಇದೆ. ಸೊಲ್ಲಾಪುರದಂಥ ಊರಿನಲ್ಲಿ, ಮರಾಠಿ, ಕನ್ನಡ, ತೆಲುಗು, ಉರ್ದು ಒಂದೇ ಓಣಿಯಲ್ಲಿ ಓಡಾಡುವಲ್ಲಿ, ದುಭಾಷಿ ಹುಡುಕುವುದು ಕಷ್ಟದ ಕೆಲಸವಲ್ಲ. ಕಾರಿಡಾರಿನಲ್ಲಿ ಚಹಾ ತರುವ ಹುಡುಗನಿಗೂ ಮೂರು ಭಾಷೆ ಬರುತ್ತವೆ.

ನಮ್ಮವರಿಗೂ ಒಂದು ಮಾತು. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಉಚಿತ ವಕೀಲರು ಯಾರಿಗೆ ಸಿಗುತ್ತಾರೆ ಎಂಬ ಪಟ್ಟಿ ಇದೆ. ಹೆಂಗಸರು, ಪರಿಶಿಷ್ಟ ಜಾತಿ–ಪಂಗಡದವರು, ಬಂಧನದಲ್ಲಿರುವವರ ಜೊತೆಗೆ ಕೈಗಾರಿಕಾ ಕಾರ್ಮಿಕರು ಎಂದೂ ಬರೆದಿದೆ. ಇವರಿಗೆ ಆದಾಯದ ಮಿತಿ ಇಲ್ಲ. ಚಿಂಚೋಳಿ, ಅಕ್ಕಲಕೋಟ ರೋಡ್ ಎಂಐಡಿಸಿಗಳ ಗೇಟಿನಲ್ಲಿ ಕಾರ್ಡು ಪಂಚ್ ಮಾಡುವ ಕಾರ್ಮಿಕರು ಈ ಸಾಲಿನ ಮೇಲೆ ವಕೀಲರನ್ನು ಕೇಳಬಹುದು. ಸಹಾಯವಾಣಿ 15100. ಸೊಲ್ಲಾಪುರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರಲ್ಲಿ ನನ್ನ ವಿನಂತಿ ಒಂದೇ: ಈ ನಂಬರನ್ನೂ, ದಂಡಕ್ಕೆ ಕಂತು ಕೇಳಬಹುದು ಎಂಬ ಒಂದು ಸಾಲನ್ನೂ ಮರಾಠಿ, ಕನ್ನಡ ಎರಡರಲ್ಲೂ ಬೋರ್ಡಿನ ಮೇಲೆ ಬರೆಸಿ ಕೊಡಿ. ಟೈಮ್ ಆಫೀಸಿನ ಕಿಟಕಿಯ ಪಕ್ಕ ಅದನ್ನು ಹಾಕಲು ಮ್ಯಾನೇಜ್‌ಮೆಂಟಿನ ಒಪ್ಪಿಗೆ ಪಡೆಯುವ ಜವಾಬ್ದಾರಿ ನನ್ನದು.